ಅಗಸಿ ಕುಟ್ಟಿ ತಿನ್ನೂದು, ನುಂಗೂದಲ್ಲ

ಹೋದ ವರ್ಷ ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 162 ಎಂದು ಬಂತು. ಅಂಕಿಯ ಪಕ್ಕದಲ್ಲಿ ದಪ್ಪಕ್ಷರದ ‘ಎಚ್’ ಬೇರೆ. ವೈದ್ಯರೇನೂ ಗಾಬರಿಯಾಗಲಿಲ್ಲ. ಬಿಪಿ ಸರಿಯಿದೆ, ಸಕ್ಕರೆ ಸರಿಯಿದೆ, ಸಿಗರೇಟಿಲ್ಲ, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರಿಲ್ಲ. ಮೂರು ತಿಂಗಳು ಊಟ, ನಡಿಗೆ ಸರಿಮಾಡಿಕೊಂಡು ಬನ್ನಿ, ಮಾತ್ರೆಯ ಮಾತು ಆಮೇಲೆ ಎಂದರು. ಕಚೇರಿಯಲ್ಲಿ ಪಕ್ಕದ ಮೇಜಿನವರು ಮಾತ್ರ ಕಾಯಲಿಲ್ಲ. ‘ಫ್ಲ್ಯಾಕ್ಸ್ ಸೀಡ್ಸ್ ತಗೊಳ್ಳಿ ಸಾರ್. ದಿನಾ ಒಂದು ಚಮಚ, ಬರೀ ಹೊಟ್ಟೇಲಿ’ ಎಂದು ಚಿಕಿತ್ಸೆ ಬರೆದೇ ಬಿಟ್ಟರು. ಜಿಪ್ ಹಾಕಿದ ಚಂದದ ಪೊಟ್ಟಣ ತಂದೆ. ಮೂರು ತಿಂಗಳು ದಿನವೂ ಬೆಳಿಗ್ಗೆ ಒಂದು ಚಮಚ ಕಾಳು ಬಾಯಿಗೆ ಸುರಿದುಕೊಂಡು ಮೇಲೆ ನೀರು ಕುಡಿದೆ. ಮತ್ತೆ ರಕ್ತ ಕೊಟ್ಟೆ. 159.

ಧಾರವಾಡಕ್ಕೆ ಹೋದಾಗ ಪೊಟ್ಟಣವನ್ನು ಅವ್ವನ ಮುಂದಿಟ್ಟು ನನ್ನ ಸಂಕಟ ಹೇಳಿಕೊಂಡೆ. ಅವಳು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿ ನಕ್ಕಳು. ‘ಇದು ನಮ್ಮ ಅಗಸಿ ಅಲ್ಲೇನೋ! ಹಂಗ ನುಂಗಿದ್ರ ಹೆಂಗ ಹೋತೋ ಹಂಗ ಹೊರಗ ಬರತೈತಿ. ಅಗಸಿ ಕುಟ್ಟಿ ತಿನ್ನೂದು, ನುಂಗೂದಲ್ಲ.’

ಅಗಸೆ ಮತ್ತು ಕೊಲೆಸ್ಟ್ರಾಲ್ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲದರ ಅರ್ಧ ಸಾರ ಅವ್ವನ ಆ ಒಂದು ಮಾತಿನಲ್ಲಿತ್ತು. ಉಳಿದರ್ಧ, ಎಷ್ಟು ತಿಂದರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಆ ಲೆಕ್ಕ ಪೊಟ್ಟಣದ ಮೇಲೆ ಬರೆದಿರುವುದಕ್ಕಿಂತ ಸಣ್ಣದು, ಆದರೆ ಸೊನ್ನೆಯಲ್ಲ.

ಯಾವ ಅಗಸೆ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಹಳೇ ಮೈಸೂರಿನ ಕಡೆ ಅಗಸೆ ಎಂದರೆ ಹಲವರಿಗೆ ಸೊಪ್ಪು ನೆನಪಾಗುತ್ತದೆ. ಎಲೆತೋಟದಲ್ಲಿ ವೀಳ್ಯದ ಬಳ್ಳಿ ಹಬ್ಬಿಸಲು ನೆಡುವ, ದೊಡ್ಡ ಬಿಳಿ ಹೂ ಬಿಡುವ ಮರದ ಸೊಪ್ಪು ಅದು. ಅದಕ್ಕೂ ಈ ಬೀಜಕ್ಕೂ ಸಂಬಂಧವಿಲ್ಲ. ಉತ್ತರ ಕರ್ನಾಟಕದಲ್ಲಿ ‘ಅಗಸಿ’ ಎಂದರೆ ಊರ ಹೆಬ್ಬಾಗಿಲೂ ಹೌದು, ಹಿಂಡಿ ಮಾಡುವ ಕಾಳೂ ಹೌದು. ‘ಹಿಂಡಿ’ ಎಂದೊಡನೆ ಮೈಸೂರಿನವರು ದನದ ಕೊಟ್ಟಿಗೆಯ ಕಡೆ ನೋಡುತ್ತಾರೆ. ನಮ್ಮ ಕಡೆ ಅದು ರೊಟ್ಟಿಯ ಪಕ್ಕ ಕೂರುವ ಚಟ್ನಿಪುಡಿ.

ನಾವು ಮಾತಾಡುತ್ತಿರುವುದು ಮೊಣಕಾಲೆತ್ತರದ ಪೈರಿನ ಬೀಜ. ಹಿಂಗಾರಿಯಲ್ಲಿ ಎರೆ ಹೊಲದಲ್ಲಿ ಬೆಳೆಯುತ್ತದೆ, ತಿಳಿನೀಲಿ ಹೂ ಬಿಡುತ್ತದೆ. ಸಂಸ್ಕೃತದಲ್ಲಿ ಇದು ಅತಸೀ. ಕೃಷ್ಣನ ಮೈಬಣ್ಣವನ್ನು ಸ್ತೋತ್ರಗಳು ಹೋಲಿಸುವುದು ಈ ಹೂವಿಗೇ. ಗಿಡದ ನಾರಿನಿಂದ ಲಿನನ್ ಬಟ್ಟೆ, ಬೀಜದಿಂದ ಎಣ್ಣೆ. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಲೈನಮ್ ಯುಸಿಟಾಟಿಸಿಮಮ್. ಎರಡನೆಯ ಪದದ ಅರ್ಥ ‘ಅತ್ಯಂತ ಉಪಯುಕ್ತ’.

ಅಂಗಡಿಯಲ್ಲಿ ಹಿಂದಿಯವರ ಅಲ್ಸಿ, ಮರಾಠಿಯವರ ಜವಸ ಎರಡೂ ಇದೇ. ಚಿಯಾ ಬೇರೆ, ಕಾಮಕಸ್ತೂರಿ ಬೇರೆ, ಬಾಣಂತಿಯರಿಗೆ ಕೊಡುವ ಅಳವಿ ಬೇರೆ. ಅಗಸೆ ಎಳ್ಳಿಗಿಂತ ತುಸು ದೊಡ್ಡದು, ಚಪ್ಪಟೆ, ಒಂದು ತುದಿ ಚೂಪು, ಎಣ್ಣೆ ಹಚ್ಚಿ ಒರೆಸಿಟ್ಟಂತೆ ಹೊಳೆಯುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಕಂದು ಬಣ್ಣದ್ದೂ ಇದೆ, ಹೊಂಬಣ್ಣದ್ದೂ ಇದೆ. ಪೋಷಕಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೊಂಬಣ್ಣಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಕ್ರಿಕೆಟ್ ಬ್ಯಾಟು ಮತ್ತು ಚಟ್ನಿಯ ಡಬ್ಬಿ

ನೂರು ಗ್ರಾಂ ಅಗಸೆಯಲ್ಲಿ ಸುಮಾರು 42 ಗ್ರಾಂ ಕೊಬ್ಬು, 27 ಗ್ರಾಂ ನಾರು, 18 ಗ್ರಾಂ ಪ್ರೋಟೀನ್ ಇರುತ್ತದೆ. ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಸಸ್ಯಮೂಲದ ಒಮೇಗಾ-3. ಅಡುಗೆಮನೆಯಲ್ಲಿ ಸಿಗುವ ಬೇರೆ ಯಾವ ಕಾಳಿನಲ್ಲೂ ಇಷ್ಟು ಸುಲಭವಾಗಿ ಇದು ಸಿಗದು. ಜೊತೆಗೆ ಲಿಗ್ನಾನ್ ಎಂಬ ಸಸ್ಯಸತ್ವ. ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಈಸ್ಟ್ರೊಜೆನ್ ಹಾರ್ಮೋನನ್ನು ತುಸು ಹೋಲುವ ವಸ್ತುಗಳಾಗಿ ಮಾರ್ಪಡಿಸುತ್ತವೆ.

ಈ ಎಣ್ಣೆಯ ಸ್ವಭಾವ ಅರ್ಥವಾಗಬೇಕಾದರೆ ಹೊಸ ಕ್ರಿಕೆಟ್ ಬ್ಯಾಟನ್ನು ನೆನಪಿಸಿಕೊಳ್ಳಿ. ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಆಯಿಲ್ ಇದೇ ಅಗಸೆಯ ಎಣ್ಣೆ. ಬಣ್ಣ, ವಾರ್ನಿಷ್, ಕಿಟಕಿ ಗಾಜಿನ ಪುಟ್ಟಿ ಎಲ್ಲದರಲ್ಲೂ ಶತಮಾನಗಳಿಂದ ಇದನ್ನೇ ಬಳಸಿದ್ದಾರೆ. ಶೇಂಗಾ ಎಣ್ಣೆ ಹಚ್ಚಿದ ಮರ ತಿಂಗಳಾದರೂ ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ಹಚ್ಚಿದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗಿ ಒಣಗುತ್ತದೆ. ಈ ಎಣ್ಣೆಯಲ್ಲಿ ಅದ್ದಿದ ಚಿಂದಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಗಾಳಿಯ ಜೊತೆ ಅಷ್ಟು ಆತುರದಿಂದ ಬೆರೆಯುವ ಎಣ್ಣೆ ಇದು.

ಆದರೂ ಬೀಜ ಇಡಿಯಾಗಿದ್ದಾಗ ಕೆಡುವುದಿಲ್ಲ. ಹೊಳೆಯುವ ಆ ಸಿಪ್ಪೆ ಗಾಳಿಯನ್ನು ಒಳಗೆ ಬಿಡದು. ಅದೇ ಸಿಪ್ಪೆ ನಮ್ಮ ಜೀರ್ಣರಸವನ್ನೂ ಒಳಗೆ ಬಿಡದು. ಮೂರು ತಿಂಗಳು ನಾನು ನುಂಗಿದ ಕಾಳು ನನ್ನ ಹೊಟ್ಟೆಯಲ್ಲಿ ಪ್ರವಾಸ ಮಾಡಿಕೊಂಡು ಹೋಯಿತು, ಅಷ್ಟೇ. ಸಿಪ್ಪೆ ಒಡೆದರೆ ಒಳಗಿನದು ನಮಗೆ ಸಿಗುತ್ತದೆ, ಗಾಳಿಗೂ ಸಿಗುತ್ತದೆ. ಪುಡಿ ಮಾಡಿಯೇ ತಿನ್ನಬೇಕು, ಆದರೆ ಪುಡಿಯನ್ನು ಬಹಳ ದಿನ ಇಡಬಾರದು ಎಂಬ ಎರಡೂ ನಿಯಮ ಹುಟ್ಟಿದ್ದು ಹೀಗೆ.

ಪಿತ್ತದ ದಾರಿ

ಕೊಬ್ಬಿನ ಬೀಜವೇ ರಕ್ತದ ಕೊಬ್ಬನ್ನು ಇಳಿಸುವುದೆಂದರೇನು ಎಂದು ಕೇಳುವವರಿದ್ದಾರೆ. ಕೆಲಸದ ಹೆಚ್ಚಿನ ಪಾಲು ಕೊಬ್ಬಿನದಲ್ಲ, ನಾರಿನದು. ಅಗಸೆ ಪುಡಿಯನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ, ಲೋಳೆ ಲೋಳೆಯಾಗಿರುತ್ತದೆ. ಬೆಂಡೆಕಾಯಿಯ ಲೋಳೆಯ ಹಾಗೆ ಇದೂ ನೀರಿನಲ್ಲಿ ಕರಗುವ ನಾರು.

ನಮ್ಮ ಯಕೃತ್ತು ಕೊಲೆಸ್ಟ್ರಾಲನ್ನು ಬಳಸಿ ಪಿತ್ತ ತಯಾರಿಸುತ್ತದೆ. ಊಟದ ಕೊಬ್ಬು ಜೀರ್ಣವಾಗಲು ಪಿತ್ತ ಕರುಳಿಗಿಳಿಯುತ್ತದೆ, ಕೆಲಸ ಮುಗಿದ ಮೇಲೆ ಅದರ ಪಿತ್ತಾಮ್ಲಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ದೇಹ ಬಲು ಜಿಪುಣ, ಒಮ್ಮೆ ಮಾಡಿದ್ದನ್ನು ಹತ್ತಾರು ಸಲ ತಿರುಗಿಸಿ ಬಳಸುತ್ತದೆ. ಕರುಳಿನಲ್ಲಿ ಲೋಳೆನಾರು ಇದ್ದರೆ ಅದು ಸ್ವಲ್ಪ ಪಿತ್ತವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಯಕೃತ್ತಿಗೆ ಈಗ ಹೊಸ ಪಿತ್ತ ಮಾಡಬೇಕು, ಅದಕ್ಕೆ ಕೊಲೆಸ್ಟ್ರಾಲ್ ಬೇಕು. ರಕ್ತದಲ್ಲಿ ತಿರುಗುತ್ತಿರುವ ಎಲ್‌ಡಿಎಲ್ ಅನ್ನು ಒಳಗೆಳೆದುಕೊಳ್ಳುತ್ತದೆ. ಓಟ್ಸ್, ಬಾರ್ಲಿ, ಇಸಬಗೋಲು ಎಲ್ಲವೂ ನಡೆಯುವುದು ಈ ದಾರಿಯಲ್ಲೇ. ಅಗಸೆಗೆ ಲಿಗ್ನಾನಿನ ಕೈನೆರವೂ ಇರುವಂತಿದೆ.

ಎಷ್ಟು ಇಳಿಯುತ್ತದೆ?

ಈ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರ ಹುಡುಕಬಾರದು. 2009ರಲ್ಲಿ ಅಮೆರಿಕದ ಕ್ಲಿನಿಕಲ್ ನ್ಯೂಟ್ರಿಷನ್ ನಿಯತಕಾಲಿಕದಲ್ಲಿ 28 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯೊಂದು ಬಂತು. ಅಗಸೆಯ ಬೀಜವನ್ನೇ ತಿಂದವರಲ್ಲಿ ಒಟ್ಟು ಕೊಲೆಸ್ಟ್ರಾಲ್ ಸರಾಸರಿ 8 ಮಿಲಿಗ್ರಾಂನಷ್ಟು, ಎಲ್‌ಡಿಎಲ್ 6 ಮಿಲಿಗ್ರಾಂನಷ್ಟು ಇಳಿದಿತ್ತು. ಬರೀ ಎಣ್ಣೆ ಕುಡಿದವರಲ್ಲಿ ಇಳಿಕೆ ಕಾಣಲಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಮತ್ತು ಮೊದಲೇ ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲಿ ಪರಿಣಾಮ ಹೆಚ್ಚು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಏರಲಿಲ್ಲ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯಲಿಲ್ಲ.

ಆರು ಮಿಲಿಗ್ರಾಂ! 162 ಇದ್ದದ್ದು 156. ಮೊದಲು ಓದಿದಾಗ ನನಗೂ ನಿರಾಸೆಯಾಯಿತು.

ಕೆನಡಾದ ವಿನ್ನಿಪೆಗ್‌ನಲ್ಲಿ ನಡೆದ ಪ್ರಯೋಗ ತುಸು ಹೆಚ್ಚು ಭರವಸೆ ಕೊಡುತ್ತದೆ. ಕೆನಡಾ ಅಗಸೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದು ಮಾರುವ ದೇಶ, ಅಲ್ಲಿನವರಿಗೆ ಈ ಬೀಜದ ಮೇಲೆ ಆಸಕ್ತಿ ಇರುವುದು ಸಹಜವೇ. ಕಾಲಿನ ರಕ್ತನಾಳ ಕಿರಿದಾದ 110 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಫಿನ್, ಬನ್, ಪಾಸ್ತಾಗಳಲ್ಲಿ ದಿನಕ್ಕೆ 30 ಗ್ರಾಂ ಅಗಸೆ ಪುಡಿ ಬೆರೆಸಿ ಒಂದು ವರ್ಷ ತಿನ್ನಿಸಿದರು. ಇನ್ನೊಂದು ಗುಂಪಿಗೆ ಅದೇ ತಿಂಡಿ, ಅಗಸೆಯಿಲ್ಲದೆ. ಅಗಸೆ ತಿಂದವರಲ್ಲಿ ಒಂದು ತಿಂಗಳಲ್ಲಿ ಎಲ್‌ಡಿಎಲ್ ಶೇ 15ರಷ್ಟು ತಗ್ಗಿತು. ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪುಗಳ ಅಂತರ ಮಸುಕಾಯಿತು. ಆದರೆ ಮೊದಲಿನಿಂದ ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದವರಲ್ಲಿ, ಮಾತ್ರೆಯ ಜೊತೆ ಅಗಸೆ ತಿಂದವರಿಗೆ ವರ್ಷದ ಕೊನೆಗೂ ಶೇ 8.5ರಷ್ಟು ಇಳಿಕೆ ಉಳಿದಿತ್ತು. ಎಲ್ಲಕ್ಕಿಂತ ಅಚ್ಚರಿ ತಂದದ್ದು ರಕ್ತದೊತ್ತಡ: ಆರು ತಿಂಗಳಲ್ಲಿ ಮೇಲಿನ ಅಂಕಿ ಸುಮಾರು 10, ಕೆಳಗಿನದು 7ರಷ್ಟು ಕಡಿಮೆ. ರಕ್ತದೊತ್ತಡದ ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮರುವರ್ಷ ಕೆನಡಾದ ಆರೋಗ್ಯ ಇಲಾಖೆ, ಪುಡಿ ಮಾಡಿದ ಅಗಸೆ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿತು. ಅದಕ್ಕೆ ಅವರು ಇಟ್ಟುಕೊಂಡ ಪ್ರಮಾಣ ದಿನಕ್ಕೆ 40 ಗ್ರಾಂ.

ನನ್ನ ತೀರ್ಮಾನ ಇಷ್ಟು. ಒಳ್ಳೆಯ ಪ್ರಮಾಣದಲ್ಲಿ, ಪುಡಿ ಮಾಡಿ, ದಿನವೂ ತಿಂದರೆ ಎಲ್‌ಡಿಎಲ್‌ನಲ್ಲಿ ನೂರಕ್ಕೆ ನಾಲ್ಕರಿಂದ ಹತ್ತರಷ್ಟು ಇಳಿಕೆ ನಿರೀಕ್ಷಿಸಬಹುದು. ಕೆಲವರಿಗೆ ಅದೂ ಸಿಗದು. ವೈದ್ಯರು ಬರೆಯುವ ಸ್ಟ್ಯಾಟಿನ್ ಮಾತ್ರೆ ಇಳಿಸುವುದು ಶೇ 30ರಿಂದ 50. ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಯವರು ‘ನಾಟಿ ಮದ್ದು ಸಿಕ್ಕಿತು’ ಎಂದು ಮಾತ್ರೆ ಬಿಟ್ಟು ಅಗಸೆ ಹಿಡಿಯುವುದು ಕೊಡೆ ಮಡಚಿಟ್ಟು ಟೋಪಿ ಹಾಕಿಕೊಂಡು ಮುಂಗಾರಿಗೆ ಹೊರಟಂತೆ.

ವರದಿಯ ಯಾವ ಸಾಲಿಗೆ?

ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಐದಾರು ಸಾಲುಗಳಿರುತ್ತವೆ. ಅಗಸೆ ಮುಟ್ಟುವುದು ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಸಾಲುಗಳನ್ನು ಮಾತ್ರ. ನಮ್ಮವರ ತೊಂದರೆ ಬಹಳ ಸಲ ಬೇರೆ ಸಾಲಿನಲ್ಲಿರುತ್ತದೆ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದ ವಯಸ್ಕರಲ್ಲಿ ಶೇ 81 ಮಂದಿಗೆ ರಕ್ತದ ಕೊಬ್ಬಿನ ಒಂದಲ್ಲ ಒಂದು ಅಂಕಿ ಅಡ್ಡಾದಿಡ್ಡಿ. ಅದರಲ್ಲಿ ಹೆಚ್ಚು ಕಾಣುವುದು ಎಚ್‌ಡಿಎಲ್ ಕೊರತೆ. ಟ್ರೈಗ್ಲಿಸರೈಡ್ ಏರಿದವರೂ ಬಹಳ.

ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ನಿಮ್ಮದು 280 ಇದ್ದರೆ ಅಗಸೆಯ ಡಬ್ಬಿಗಿಂತ ಮೊದಲು ಅನ್ನದ ತಟ್ಟೆಯನ್ನು, ಸಕ್ಕರೆ ಡಬ್ಬಿಯನ್ನು, ಸಂಜೆಯ ಗ್ಲಾಸನ್ನು ನೋಡಿ. ಹೊಟ್ಟೆಯ ಸುತ್ತಳತೆ ಇಳಿದರೆ ಅದೂ ಇಳಿಯುತ್ತದೆ. 500 ದಾಟಿದ್ದರೆ ಯಾವ ಕಾಳಿನ ಮಾತೂ ಬೇಡ, ಮೇದೋಜೀರಕ ಗ್ರಂಥಿ ಉರಿಯೇಳುವ ಅಪಾಯವಿದೆ, ನೇರ ವೈದ್ಯರ ಬಳಿ ಹೋಗಿ.

ಎಲ್‌ಡಿಎಲ್ ಎಷ್ಟಿರಬೇಕು ಎಂಬುದು ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯರಿಗೆ 100ರ ಒಳಗೆ, ಸಕ್ಕರೆ ಕಾಯಿಲೆ, ಬಿಪಿಯಂಥ ಹೆಚ್ಚಿನ ಅಪಾಯ ಇರುವವರಿಗೆ 70ರ ಒಳಗೆ, ಆಗಲೇ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ 55ರ ಒಳಗೆ. 130 ಇರುವವರನ್ನು 100ರ ಹತ್ತಿರ ತರಲು ಊಟ, ನಡಿಗೆಯ ಜೊತೆ ಅಗಸೆ ಒಂದು ಕೈ ಕೊಡಬಲ್ಲದು. 130ರಿಂದ 55ಕ್ಕೆ ಅದು ಇಳಿಸಲಾರದು.

ಚಮಚದ ಲೆಕ್ಕ

ಮನೆಯಲ್ಲಿ ತಕ್ಕಡಿ ಯಾರಿಗಿರುತ್ತದೆ? ಟೇಬಲ್ ಚಮಚ ಎನ್ನುವ ದೊಡ್ಡ ಚಮಚದಲ್ಲಿ ಸಮವಾಗಿ ತುಂಬಿದ ಅಗಸೆ ಪುಡಿ ಸುಮಾರು 7 ಗ್ರಾಂ. ಚಹಾದ ಚಮಚ ಅದರ ಮೂರನೇ ಒಂದು ಪಾಲು. ಪ್ರಯೋಗದ 30 ಗ್ರಾಂ ಅಂದರೆ ದೊಡ್ಡ ಚಮಚದಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು. ಕಚೇರಿಯ ಗೆಳೆಯರು ಹೇಳಿದ ‘ದಿನಾ ಒಂದು ಚಮಚ’ ಎಲ್ಲಿ, ಇದೆಲ್ಲಿ!

ನಾಲ್ಕು ಚಮಚ ಒಮ್ಮೆಲೇ ಶುರುಮಾಡಿದರೆ ಹೊಟ್ಟೆ ಉಬ್ಬರಿಸಿ, ಗುಡುಗುಟ್ಟಿ, ಮೂರನೇ ದಿನಕ್ಕೆ ಅಗಸೆಯ ಸಹವಾಸವೇ ಬೇಡವೆನ್ನಿಸುತ್ತದೆ. ಮೊದಲ ವಾರ ಒಂದು ಚಹಾ ಚಮಚ, ಎರಡನೇ ವಾರ ಒಂದು ದೊಡ್ಡ ಚಮಚ, ಹೊಟ್ಟೆ ಒಪ್ಪಿದರೆ ಎರಡು. ಬಹುಪಾಲು ಜನರಿಗೆ ಎರಡರಿಂದ ಮೂರು ದೊಡ್ಡ ಚಮಚ ದಿನವೂ ನಿಭಾಯಿಸಬಹುದಾದ ಪ್ರಮಾಣ. ನೀರು ಚೆನ್ನಾಗಿ ಕುಡಿಯಬೇಕು. ಲೋಳೆನಾರು ನೀರಿಲ್ಲದೆ ಕರುಳಿಗಿಳಿದರೆ ಮಲಬದ್ಧತೆ ಕಳೆಯುವ ಬದಲು ತಾನೇ ಕಟ್ಟಿಕೊಳ್ಳುತ್ತದೆ. ಬರೀ ಹೊಟ್ಟೆಯಲ್ಲೇ ತಿನ್ನಬೇಕೆಂಬ ನಿಯಮಕ್ಕೆ ಆಧಾರವಿಲ್ಲ. ಪಿತ್ತ ಇಳಿಯುವುದು ಊಟದ ಹೊತ್ತಿಗೆ. ಊಟದೊಂದಿಗೇ ಬೆರೆಸಿ ತಿನ್ನುವುದು ಸರಿಯಾದ ಕ್ರಮ.

ಇನ್ನೊಂದು ಲೆಕ್ಕ ಮರೆಯಬಾರದು. ಮೂವತ್ತು ಗ್ರಾಂ ಅಗಸೆಯಲ್ಲಿ 160 ಕ್ಯಾಲೊರಿ ಇದೆ, ಹತ್ತಿರ ಹತ್ತಿರ ಒಂದು ಜೋಳದ ರೊಟ್ಟಿಯಷ್ಟು. ಈಗಿನ ಊಟದ ಮೇಲೆ ಅದನ್ನು ಹೇರಿದರೆ ತೂಕ ಏರುತ್ತದೆ. ಯಾವುದಾದರೊಂದನ್ನು ತೆಗೆದು ಅದರ ಜಾಗಕ್ಕೆ ಇದನ್ನಿಡಬೇಕು. ನಾನು ತೆಗೆದದ್ದು ಸಂಜೆ ನಾಲ್ಕರ ಬೇಕರಿ ಪಫ್.

ಹಿಂಡಿ

ಈಗ ಒಲೆಯ ಮುಂದೆ ಬರೋಣ. ಒಂದು ಲೋಟ ಅಗಸೆ, ಅಂದಾಜು 150 ಗ್ರಾಂ. ಕಲ್ಲು, ಮಣ್ಣು ಆರಿಸಿಕೊಳ್ಳಿ. ತೊಳೆಯಲು ಹೋಗಬೇಡಿ, ಲೋಳೆಯಾಗಿ ಕೈಗೆ ಅಂಟಿಕೊಂಡು ಕಾಡುತ್ತದೆ. ಒದ್ದೆಬಟ್ಟೆಯಲ್ಲಿ ಹಾಕಿ ತಿಕ್ಕಿ ಕೊಡವಿದರೆ ಸಾಕು. ಕಬ್ಬಿಣದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಎರಡು ಮೂರು ನಿಮಿಷ ಏನೂ ಆಗದು, ಆಮೇಲೆ ಒಂದು ಕಾಳು ಸಿಡಿಯುತ್ತದೆ, ಹಿಂದೆಯೇ ಇಡೀ ಬಾಣಲೆ ಚಟಪಟ. ತಟ್ಟೆ ಅಡ್ಡ ಹಿಡಿಯಿರಿ, ಇಲ್ಲವಾದರೆ ಕಾಳು ಅಡುಗೆಮನೆ ತುಂಬ. ಕಾಳು ತುಸು ಉಬ್ಬಿ, ಬಾಯಿಗೆ ಹಾಕಿದರೆ ಕರುಂ ಅನ್ನಬೇಕು. ಘಮ ಬಂದ ಕೂಡಲೇ ಇಳಿಸಿ. ಹೊಗೆ ಬರುವವರೆಗೆ ಬಿಟ್ಟಿರೋ, ಕಹಿಯಾಗುತ್ತದೆ, ಎಣ್ಣೆಯೂ ಕೆಡುತ್ತದೆ.

ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಎರಡು ಎಸಳು ಕರಿಬೇವು ಬೆಚ್ಚಗೆ ಹುರಿದು ಸೇರಿಸಿ. ಹತ್ತು ಹಿಲಕು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಒಂದು ಸಣ್ಣ ಚಮಚ ಉಪ್ಪು. ಎಲ್ಲ ಆರಿದ ಮೇಲೆ ಕುಟ್ಟಬೇಕು. ಅವ್ವ ಈಗಲೂ ಒಳ್ಳಿನಲ್ಲಿ ಹಾಕಿ ಹಾರಿಯಿಂದಲೇ ಕುಟ್ಟುವುದು. ಮಿಕ್ಸಿಯವರು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಬಿಸಿಯೇರಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿರೊಟ್ಟಿಯ ಮೇಲೆ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಇದಕ್ಕೆ ಡಯಟ್ ಎಂದು ಹೆಸರಿಡಲು ನನಗೆ ಮನಸ್ಸಿಲ್ಲ.

ಆದರೆ ಹಿಂಡಿಯೊಂದರಿಂದಲೇ 30 ಗ್ರಾಂ ತುಂಬಿಸಲು ಹೊರಡಬೇಡಿ. ಖಾರ, ಬೆಳ್ಳುಳ್ಳಿ ಎಲ್ಲ ಕಳೆದರೆ ಪುಡಿಯಲ್ಲಿ ಅಗಸೆಯ ಪಾಲು ಮುಕ್ಕಾಲು. ಅಷ್ಟು ಅಗಸೆಗಾಗಿ ತಿನ್ನಬೇಕಾದ 40 ಗ್ರಾಂ ಹಿಂಡಿಯಲ್ಲಿ ಒಂದು ಗ್ರಾಂಗಿಂತ ಹೆಚ್ಚು ಉಪ್ಪೂ ಹೊಟ್ಟೆಗೆ ಹೋಗುತ್ತದೆ. ಬಿಪಿ ಇರುವವರಿಗೆ ಅದು ಸಲ್ಲದು. ಹುರಿದ ಕಾಳಿನಲ್ಲಿ ಅರ್ಧವನ್ನು ಉಪ್ಪು ಖಾರವಿಲ್ಲದೆ ಬರಿದೇ ಪುಡಿಮಾಡಿ ಬೇರೆ ಡಬ್ಬಿಯಲ್ಲಿಡಿ. ರೊಟ್ಟಿ, ಚಪಾತಿ ಹಿಟ್ಟಿಗೆ ಬೆರೆಸಬಹುದು. ಹೆಂಚಿನ ಆ ಹೊತ್ತಿನ ಬಿಸಿಗೆ ಒಮೇಗಾ-3 ಬಹುಪಾಲು ಉಳಿಯುತ್ತದೆ. ಮಜ್ಜಿಗೆಗೆ ಕದಡಬಹುದು. ಪಲ್ಯಕ್ಕೆ ಕೊನೆಗೆ ಉದುರಿಸಬಹುದು, ಹುಚ್ಚೆಳ್ಳು ಪುಡಿ ಹಾಕಿದ ಹಾಗೆ. ದೋಸೆ ಹಿಟ್ಟಿಗೆ ಹಾಕಿದರೆ ಮಾತ್ರ ಹಿಟ್ಟು ಅಂಟಂಟಾಗಿ ಕಾವಲಿಯಿಂದ ಏಳುವುದಿಲ್ಲ, ನಾನು ಕೈಸುಟ್ಟುಕೊಂಡಿದ್ದೇನೆ.

ಹುರಿಯುವುದರಿಂದ ರುಚಿಯಲ್ಲದೆ ಇನ್ನೊಂದು ಲಾಭವಿದೆ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ವಸ್ತುಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ, ಮರಗೆಣಸಿನಲ್ಲಿ ಇರುವಂಥವೇ. ಎರಡು ಮೂರು ಚಮಚಕ್ಕೆ ಹೆದರಬೇಕಾಗಿಲ್ಲ, ದೇಹವೇ ಅದನ್ನು ನಿಭಾಯಿಸುತ್ತದೆ. ಹಸಿ ಪುಡಿಯನ್ನು ಲೋಟಗಟ್ಟಲೆ ಒಮ್ಮೆಲೇ ಕುಡಿಯುವ ಹುಚ್ಚು ಮಾತ್ರ ಬೇಡ. ಹುರಿದರೆ ಆ ವಸ್ತುಗಳು ಇನ್ನಷ್ಟು ತಗ್ಗುತ್ತವೆ.

ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿಡಿ. ಹತ್ತು ಹದಿನೈದು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ. ಕೆಟ್ಟಿದೆಯೇ ಎಂದು ತಿಳಿಯಲು ಮೂಗು ಸಾಕು: ಒಳ್ಳೆಯದು ಹುರಿದ ಕಾಳಿನ ಘಮ ಬೀರುತ್ತದೆ, ಕೆಟ್ಟದ್ದು ಹಳೇ ಬಣ್ಣದ ಡಬ್ಬಿ ಮುಚ್ಚಳ ತೆಗೆದ ಹಾಗೆ ಕಮಟು. ಬ್ಯಾಟಿನ ಕಥೆ ನೆನಪಿದೆಯಲ್ಲ.

ಕ್ಯಾಪ್ಸೂಲ್ ಕೊಳ್ಳಬೇಕೆ?

ಕೊಲೆಸ್ಟ್ರಾಲಿಗಾಗಿ ಎಂದಾದರೆ ಬೇಡ. ಅಗಸೆ ಎಣ್ಣೆಯ ಕ್ಯಾಪ್ಸೂಲಿನಲ್ಲಿ ನಾರಿಲ್ಲ, ಲಿಗ್ನಾನ್ ಇಲ್ಲವೆನ್ನುವಷ್ಟು ಕಡಿಮೆ. ಕೊಲೆಸ್ಟ್ರಾಲ್ ಇಳಿಸುವ ಎರಡನ್ನೂ ಗಾಣದಲ್ಲೇ ಬಿಟ್ಟು ಬಂದ ಎಣ್ಣೆ ಅದು. ಒಮೇಗಾ-3ಗಾಗಿ ಎನ್ನುವವರಿಗೂ ಒಂದು ಮಾತು. ಒಂದು ಸಾವಿರ ಮಿಲಿಗ್ರಾಂನ ಕ್ಯಾಪ್ಸೂಲಿನಲ್ಲಿ ಸಿಗುವ ಆಲ್ಫಾ ಲಿನೋಲೆನಿಕ್ ಆಮ್ಲ ಅರ್ಧ ಗ್ರಾಂನ ಆಸುಪಾಸು. ಒಂದು ದೊಡ್ಡ ಚಮಚ ಪುಡಿಯಲ್ಲಿ ಅದು 1.6 ಗ್ರಾಂ, ಒಬ್ಬ ಗಂಡಸಿಗೆ ದಿನಕ್ಕೆ ಸಾಕೆನ್ನುವಷ್ಟು. ಮೀನೆಣ್ಣೆಗೆ ಇದು ಸರಿಸಮ ಎಂಬ ಮಾತೂ ಪೂರ್ತಿ ನಿಜವಲ್ಲ. ಮೀನಿನಲ್ಲಿರುವ ಇಪಿಎ, ಡಿಎಚ್‌ಎ ಎಂಬ ರೂಪಗಳಿಗೆ ಸಸ್ಯದ ಒಮೇಗಾ-3 ನಮ್ಮ ದೇಹದಲ್ಲಿ ಬದಲಾಗುವುದು ಬಹಳ ಕಡಿಮೆ. ಬೂತಾಯಿ, ಬಂಗುಡೆ ತಿನ್ನುವ ಕರಾವಳಿಯವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಸಸ್ಯಾಹಾರಿಗಳಿಗೆ ಅಗಸೆ ಇದ್ದುದರಲ್ಲಿ ಒಳ್ಳೆಯ ಆಸರೆ. ಅಗಸೆ ಎಣ್ಣೆಯನ್ನು ಒಗ್ಗರಣೆಗೆ, ಕರಿಯಲು ಬಳಸಲೇಬಾರದು, ಕಾವಿಗೆ ಅದು ನಿಲ್ಲುವುದಿಲ್ಲ. ಬಣ್ಣದ ಅಂಗಡಿಯ ಲಿನ್‌ಸೀಡ್ ಆಯಿಲ್ ತಿನ್ನಲು ಅಲ್ಲವೇ ಅಲ್ಲ, ಅದರಲ್ಲಿ ಬೇಗ ಒಣಗಲಿ ಎಂದು ರಾಸಾಯನಿಕ ಬೆರೆಸಿರುತ್ತಾರೆ.

ಯಾರು ಕೇಳಿ ತಿನ್ನಬೇಕು?

ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನುಂಗುವವರು ಅದರ ಜೊತೆಗೇ ಅಗಸೆ ಕುಡಿಯುವುದನ್ನು ನಾನು ಕಂಡಿದ್ದೇನೆ. ಲೋಳೆನಾರು ಮಾತ್ರೆಯನ್ನೂ ಹಿಡಿದುಕೊಂಡು ಹೊರಗೆ ಹೋಗಬಹುದು. ಯಾವ ಮಾತ್ರೆಗೂ ಅಗಸೆಗೂ ಒಂದೆರಡು ಗಂಟೆ ಅಂತರವಿರಲಿ. ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಔಷಧಿಯವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ವೈದ್ಯರ ಕಿವಿಗೆ ಹಾಕದೆ ದಿನಕ್ಕೆ ಮೂರು ನಾಲ್ಕು ಚಮಚದ ಮಟ್ಟಕ್ಕೆ ಹೋಗಬಾರದು. ಬಿಪಿ, ಸಕ್ಕರೆ ಮಾತ್ರೆಯವರು ಮೊದಲ ತಿಂಗಳು ಅಂಕಿಗಳ ಮೇಲೆ ಕಣ್ಣಿಡಲಿ, ನಿರೀಕ್ಷೆಗಿಂತ ಇಳಿಯಬಹುದು. ಕರುಳು ಕಿರಿದಾಗಿರುವವರಿಗೆ, ಕರುಳು ಕಟ್ಟಿದ ಇತಿಹಾಸವಿರುವವರಿಗೆ ಇದು ತಕ್ಕುದಲ್ಲ. ಬಸುರಿಯರಿಗೆ, ಹಾರ್ಮೋನಿಗೆ ಸಂಬಂಧಿಸಿದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರಿಗೆ ಲಿಗ್ನಾನಿನ ಕಾರಣದಿಂದ ಎಚ್ಚರಿಕೆ ಬೇಕು. ರೊಟ್ಟಿಯ ಜೊತೆ ಚಿಟಿಕೆ ಹಿಂಡಿ ನೆಂಚಿಕೊಳ್ಳುವುದು ಬೇರೆ, ಔಷಧಿಯಂತೆ ದಿನವೂ ಅಳೆದು ತಿನ್ನುವುದು ಬೇರೆ.

ನನ್ನ ಎರಡನೆಯ ಮೂರು ತಿಂಗಳ ಕಥೆ ಹೇಳಿಬಿಡುತ್ತೇನೆ. ದಿನಕ್ಕೆ ಮೂರು ದೊಡ್ಡ ಚಮಚ ಪುಡಿ, ಅದರಲ್ಲೊಂದು ಹಿಂಡಿಯ ರೂಪದಲ್ಲಿ. ಪಫ್ ಬಂದ್. ಸಂಜೆ ನಲವತ್ತು ನಿಮಿಷ ನಡಿಗೆ. ಎಲ್‌ಡಿಎಲ್ 144ಕ್ಕೆ ಬಂತು. ಇದರಲ್ಲಿ ಅಗಸೆಯದೆಷ್ಟು, ತಿನ್ನದೆ ಬಿಟ್ಟ ಪಫ್‌ಗಳದೆಷ್ಟು, ಹೇಳಲಾರೆ. ವೈದ್ಯರು ವರದಿ ನೋಡಿ ತಲೆಯಾಡಿಸಿ, ವಯಸ್ಸೂ ಐವತ್ತು ದಾಟಿದೆ ಎಂದು ಸಣ್ಣ ಪ್ರಮಾಣದ ಮಾತ್ರೆಯನ್ನೂ ಬರೆದರು. ಅಗಸೆ ನಿಲ್ಲಿಸಲೇ ಎಂದೆ. ‘ಯಾಕೆ ನಿಲ್ಲಿಸ್ತೀರಿ, ರುಚಿ ಇಲ್ಲವೇ?’ ಎಂದರು. ಎರಡೂ ನಡೆದಿವೆ.

ನೀವೂ ಶುರುಮಾಡುವುದಾದರೆ ಮೊದಲು ಒಂದು ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳಿ, ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ ಇನ್ನೊಂದು. ಮತ್ತೆ ಆ ಪುಡಿಯ ಡಬ್ಬಿಯ ಮುಚ್ಚಳದ ಮೇಲೆ ಕುಟ್ಟಿದ ತಾರೀಖು ಬರೆದು ಅಂಟಿಸಿಡಿ.